ಮಾರುದ್ದದ ಜೋಡಿಸರ

ನಮ್ಮ ಊರಿನಲ್ಲಿ ಗುಟ್ಟು ಹೇಳಬೇಕೆಂದರೆ ಕೈ ಹಿಡಿದುಕೊಳ್ಳಬೇಕು. ಕೈ ಹಿಡಿದಿದ್ದರೆ, ಇಲ್ಲವೇ ಮೊಣಕಾಲಿಗೆ ಮೊಣಕಾಲಾದರೂ ತಾಗಿದ್ದರೆ, ಆಡಿದ ಮಾತು ಇಬ್ಬರ ನಡುವೆಯೇ ಉಳಿಯುತ್ತದೆ. ಕೈ ಬಿಟ್ಟಿರೋ, ಮುಗಿಯಿತು. ಎಷ್ಟು ಮೆಲ್ಲಗೆ ಪಿಸುಗುಟ್ಟಿದರೂ ಅದು ಕೆರೆ ದಾಟಿ, ಸುಣ್ಣದ ಗೂಡು ದಾಟಿ, ಕಡೆಯ ಮನೆಯಲ್ಲಿ ಒಲೆಯ ಮುಂದೆ ಕೂತವರ ಕಿವಿಗೂ ಬೀಳುತ್ತದೆ. ಹಾಗೆ ಹೋಗುವುದು ಮಾತು ಮಾತ್ರ, ದನಿ ಹೋಗುವುದಿಲ್ಲ. ಗಂಡಸು ಆಡಿದ್ದೋ ಹೆಂಗಸು ಆಡಿದ್ದೋ, ಎಳೆಯರದೋ ಮುದುಕರದೋ, ಎಲ್ಲವೂ ಒಂದೇ ಸಪ್ಪೆ ದನಿಯಲ್ಲಿ ಬಂದು ತಲುಪುತ್ತದೆ. ಹೊರಗಿನಿಂದ ಬಂದವರು ಇದಕ್ಕೆ ಬಾಯಿ ಬಿಡುತ್ತಾರೆ. ನಮಗೆ ಇದರಲ್ಲಿ ಬಾಯಿ ಬಿಡುವಂಥದ್ದೇನೂ ಕಾಣುವುದಿಲ್ಲ. ಹೊಸ ಸೊಸೆಯರು ಒಂದೆರಡು ಸಲ ಅತ್ತೆಯನ್ನು ಬೈದುಕೊಂಡು ಸಿಕ್ಕಿಬೀಳುತ್ತಾರೆ, ಆಮೇಲೆ ತಾವೇ ಕಲಿತುಕೊಳ್ಳುತ್ತಾರೆ.

ದೂರ ಇರುವವರ ಜೊತೆ ಮಾತಾಡಲು ಜೋಡಿಸರ ಇದೆ. ಹುಣಸೆ ಬೀಜ, ಅಂಟವಾಳದ ಬೀಜ, ಗುಲಗಂಜಿ, ಸೀತಾಫಲದ ಬೀಜ, ಹೀಗೆ ಕೈಗೆ ಸಿಕ್ಕ ಬೀಜಗಳನ್ನು ದಾರದಲ್ಲಿ ಪೋಣಿಸಿದ ಎರಡು ಸರ. ಒಂದರಲ್ಲಿ ಯಾವ ಬೀಜದ ಹಿಂದೆ ಯಾವ ಬೀಜವೋ ಇನ್ನೊಂದರಲ್ಲೂ ಹಾಗೆಯೇ. ಒಂದು ನಿಮ್ಮ ಹತ್ತಿರ, ಇನ್ನೊಂದು ನಿಮ್ಮವರ ಹತ್ತಿರ. ಸರದ ಮೇಲೆ ಬೆರಳು ಓಡಿಸುತ್ತ ಮಾತಾಡಬೇಕು. ಯಾವ ಬೀಜ ಬಂದರೆ ಅಕ್ಷರವನ್ನು ಅಕ್ಷರಮಾಲೆಯಲ್ಲಿ ಎಷ್ಟು ಮುಂದಕ್ಕೆ ತಳ್ಳಬೇಕು ಎಂಬುದನ್ನು ಶಾಲೆಯಲ್ಲಿ ಮಗ್ಗಿಯ ಜೊತೆಗೇ ಕಲಿಸಿಬಿಡುತ್ತಾರೆ. ಕೇಳುವವರು ತಮ್ಮ ಸರದ ಮೇಲೆ ಬೆರಳು ಓಡಿಸಿ ಅಷ್ಟೇ ಹಿಂದಕ್ಕೆ ತಂದುಕೊಂಡರೆ ಸರಿ. ಅಭ್ಯಾಸವಾದ ಮೇಲೆ ಕಿವಿ ತಾನೇ ಬಿಡಿಸಿಕೊಳ್ಳುತ್ತದೆ. ಉಳಿದವರಿಗೆ ಅದು ಸಂತೆಯ ಗದ್ದಲದ ಹಾಗೆ, ಕಿವಿಗೆ ಬಿದ್ದರೂ ಬೀಳದ ಹಾಗೆ. ಮಾಡುವ ರೀತಿ ಊರಿಗೆಲ್ಲ ಗೊತ್ತು, ಅದರಲ್ಲಿ ಮುಚ್ಚುಮರೆಯಿಲ್ಲ. ಮುಚ್ಚಿಡಬೇಕಾದದ್ದು ಸರವೊಂದನ್ನೇ.

ಮಾತು ಬಂದಾಗ ಯಾರೆಂದು ಕೇಳುವ ಪದ್ಧತಿಯೂ ನಮ್ಮಲ್ಲಿಲ್ಲ. ಯಾರ ಜೊತೆ ಯಾವ ಹೊತ್ತಿನಲ್ಲಿ ಮಾತು ಎಂದು ಮೊದಲೇ ಗೊತ್ತು ಮಾಡಿಕೊಂಡಿರುತ್ತೇವೆ. ಆ ಹೊತ್ತಿಗೆ ಆ ಸರ ಹಿಡಿಯುತ್ತೇವೆ, ಮಾತು ಬಿಚ್ಚಿಕೊಂಡರೆ ಅದು ಅವರದೇ. ಹೆಸರು ಹೇಳಿಕೊಂಡು ಮಾತು ಶುರು ಮಾಡುವವರನ್ನು ಈ ಕತೆ ನಡೆಯುವವರೆಗೆ ನಾನು ಕಂಡಿರಲಿಲ್ಲ.

ನಾನು ದೇವೀರಮ್ಮ. ಹಪ್ಪಳದ ದೇವೀರಮ್ಮ ಎಂದರೆ ಬೇಗ ಗೊತ್ತಾಗುತ್ತದೆ. ಯಾರ ಮನೆಯ ಮದುವೆಯಾದರೂ ಎಲೆಯ ತುದಿಗೆ ನನ್ನ ಹಪ್ಪಳ ಬಿದ್ದಿರಲೇಬೇಕು. ನನ್ನ ತಂಗಿ ಪುಟ್ಟೀರಮ್ಮನನ್ನು ಕೆರೆಯ ಆಚೆ ದಡಕ್ಕೆ ಕೊಟ್ಟಿದೆ. ಮಧ್ಯಾಹ್ನ ಊಟದ ಹೊತ್ತು ನಮ್ಮಿಬ್ಬರದು. ಅವಳು "ಊಟ ಆಯ್ತಾ ಅಕ್ಕ?" ಎಂದು ಕೇಳುವುದು, ನಾನು ಏನು ಮಾಡಿದ್ದೆ, ಹೇಗಾಗಿತ್ತು, ಮನೆಯವರು ಎಷ್ಟು ಸಲ ಬಡಿಸಿಕೊಂಡರು ಎಂದೆಲ್ಲ ಹೇಳುವುದು, ಹೀಗೆ ನಡೆದುಕೊಂಡು ಬಂದಿತ್ತು.

ಜಗಳವಾದದ್ದು ಅವಳ ಹೊಸ ಮನೆಯ ಗೃಹಪ್ರವೇಶದ ದಿನ. ಅವಳನ್ನು ಪಕ್ಕಕ್ಕೆ ಕರೆದು, ಕೈ ಹಿಡಿದುಕೊಂಡೇ, ಅಡುಗೆಮನೆಗೆ ಹೊಗೆ ಹೋಗಲು ಜಾಗವಿಲ್ಲ, ಹೋಳಿಗೆ ರೊಟ್ಟಿಯಷ್ಟು ದಪ್ಪ ಇದೆ ಎಂದು ಅವಳ ಒಳ್ಳೆಯದಕ್ಕೇ ಹೇಳಿದೆ. ಇನ್ನೂ ಒಂದೆರಡು ಹೇಳುವುದಿತ್ತು. ಅಷ್ಟರಲ್ಲಿ ಅವಳು ನನ್ನ ಕೈ ಕೊಡವಿ ಬಿಟ್ಟಳು. ಬಿಟ್ಟು ಹೇಳಿದಳು, "ನಿನ್ ಹಪ್ಪಳ ಆಚೆ ಊರಿಂದ ತರಿಸೋದು ಅಂತ ನಂಗೊತ್ತಿಲ್ವಾ ಅಕ್ಕ?"

ಊರಿಗೆ ಊರೇ ಕೇಳಿಸಿಕೊಂಡಿತು. ಪಂಕ್ತಿಯಲ್ಲಿ ಕೂತಿದ್ದವರು ಹಪ್ಪಳ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. ಅದು ನಿಜವೋ ಸುಳ್ಳೋ, ಆ ಮಾತು ಬೇರೆ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳ ಕೈ ಬಿಟ್ಟು ಆಡುವ ಮಾತೇ ಅದು? ನಾನು ಮನೆಗೆ ಬಂದವಳೇ ಅವಳ ಸರವನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದೆ. ಮತ್ತೆ ಮುಟ್ಟಲಿಲ್ಲ. ಮಧ್ಯಾಹ್ನವಾದರೆ ಪಾತ್ರೆ ತಿಕ್ಕಲು ಕೂರುತ್ತಿದ್ದೆ, ಬೇಕೆಂದೇ ಜೋರಾಗಿ ತಿಕ್ಕುತ್ತಿದ್ದೆ. ಒಂದು ಉಗಾದಿ ಹೋಗಿ ಇನ್ನೊಂದು ಉಗಾದಿ ಬಂತು.

ಇಷ್ಟರಲ್ಲಿ ನಮ್ಮ ಪಕ್ಕದ ಮನೆಯ ಹೊನ್ನಮ್ಮನ ಪ್ರಕರಣ ಬಯಲಾಯಿತು. ಹೊನ್ನಮ್ಮ ನನಗಿಂತ ಹಿರಿಯಳು, ನಾವೆಲ್ಲ ಹೊನ್ನಕ್ಕ ಎನ್ನುತ್ತೇವೆ. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವುದು ಅವಳ ಕಸುಬು, ಊರಿನ ಸರಗಳಿಗೆ ಬೇಕಾದ ಹುಣಸೆ ಬೀಜವೆಲ್ಲ ಅವಳ ಜಗಲಿಯಿಂದಲೇ ಹೋಗಬೇಕು. ಅವಳಿಗೆ ಮಾತ್ರ ಒಂದು ಸರವೂ ಇರಲಿಲ್ಲ. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ, ಒಡಹುಟ್ಟಿದವರಿಲ್ಲ. ಆದರೂ ಅಳುಮೋರೆಯವಳಲ್ಲ. ಸದಾ ಏನಾದರೂ ಗುನುಗುತ್ತ ಬೀಜ ಆರಿಸುತ್ತ ಕೂತಿರುತ್ತಿದ್ದಳು. ಆ ಗುನುಗು ಏನೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ನಮ್ಮ ಊರಿನ ಯಜಮಾನರಾದ ಪಟೇಲ್ ಸಿದ್ದಪ್ಪನವರಿಗೆ ಕೂರಲಾಗದಂತೆ, ಹೇಳಲಾಗದ ಜಾಗದಲ್ಲಿ ಒಂದು ಕುರು ಎದ್ದಿತ್ತು. ಅದನ್ನು ತವರಿಗೆ ಹೋಗಿದ್ದ ಹೆಂಡತಿಗೆ ಸರದಲ್ಲಿ ಹೇಳಿಕೊಂಡು ನರಳಿದ್ದಾರೆ. ಮಾರನೆಯ ದಿನ ಬೆಳಿಗ್ಗೆ ಹೊನ್ನಮ್ಮ ಹರಳೆಲೆ ಬಿಸಿ ಮಾಡಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಅವರ ಮನೆಗೆ ಹಿಡಿದುಕೊಂಡು ಹೋಗಿದ್ದಾಳೆ. "ಇದ್ನ ಕಟ್ಕೊಳಿ ಯಜಮಾನ್ರೇ, ಸಂಜೆಗೆ ಒಡೆಯುತ್ತೆ" ಎಂದಿದ್ದಾಳೆ. ಕುರು ಸಂಜೆಗೆ ಒಡೆಯಿತು. ಗುಟ್ಟು ಮಾತ್ರ ಆಗಲೇ ಒಡೆದಿತ್ತು.

ಕೆರೆ ಏರಿಯ ಮೇಲೆ ಪಂಚಾಯಿತಿ ಸೇರಿತು. ಯಜಮಾನರು ಒಂದು ಮಗ್ಗುಲಿಗೆ ವಾಲಿಕೊಂಡು ಕೂತು, "ಯಾರ ಸರ ಕದ್ದೆ ಹೇಳಮ್ಮ" ಎಂದರು.

"ನಾನ್ಯಾಕೆ ಕದೀಲಿ ಯಜಮಾನ್ರೇ" ಎಂದಳು ಹೊನ್ನಮ್ಮ. "ಗೇಣುದ್ದದ ಸರ ನಿಮ್ದು. ಬೀಜದ ರಾಶಿ ಮುಂದೇನೇ ಇತ್ತು. ಹಿಂಗ್ ಇಟ್ಟು ನೋಡ್ದೆ, ಹಂಗ್ ಇಟ್ಟು ನೋಡ್ದೆ. ಒಂದಲ್ಲ ಒಂದು ದಿನ ಬಿಚ್ಕೊಳ್ತಿತ್ತು. ಕೆಲವ್ರದ್ದು ಬೇಗ ಆಗ್ತಿತ್ತು. ಬರೀ ಚೆಂದ ಕಾಣ್ಲಿ ಅಂತ ಗುಲಗಂಜಿನೇ ಪೋಣಿಸಿದ್ರೆ ಇನ್ನೇನಾಗುತ್ತೆ?"

ಗದ್ದಲವೋ ಗದ್ದಲ. ನನ್ನದು ಕೇಳಿದೆಯಾ, ನನ್ನದು ಕೇಳಿದೆಯಾ ಎಂದು ಎಲ್ಲರೂ ಎದ್ದು ನಿಂತರು. "ಎಲ್ಲಾರ್ದೂ ಕೇಳಿದ್ದೀನಿ. ಅಂಥಾದ್ದೇನೂ ಇರ್ಲಿಲ್ಲ ಬಿಡಿ" ಎಂದುಬಿಟ್ಟಳು. ಊರಿನವರಿಗೆ ಅವಳು ಕದ್ದು ಕೇಳಿದ್ದಕ್ಕಿಂತ ಈ ಮಾತೇ ಹೆಚ್ಚು ನಾಟಿತು ಎಂದು ನನ್ನ ಅನಿಸಿಕೆ.

ಕಡೆಗೆ ತೀರ್ಮಾನವಾಯಿತು. ಗೇಣುದ್ದದ ಸರ ಇನ್ನು ನಡೆಯುವುದಿಲ್ಲ. ಮುಂದಿನ ಹುಣ್ಣಿಮೆಗೆ ಎಲ್ಲರೂ ಏರಿಯ ಮೇಲೆ ಸೇರಿ ಮಾರುದ್ದದ ಸರ ಪೋಣಿಸಿಕೊಳ್ಳಬೇಕು. ಎರಡೂ ಕೈ ಚಾಚಿದಷ್ಟು ಉದ್ದದ ಸರವನ್ನು ಹೊನ್ನಮ್ಮ ಏಳು ಜನ್ಮ ಎತ್ತಿ ಬಂದರೂ ಇಟ್ಟು ನೋಡಿ ಮುಗಿಸಲಾರಳು. ಬೀಜಗಳನ್ನು ಕಣ್ಣು ಮುಚ್ಚಿಯೇ ಎತ್ತಬೇಕು, ಕಣ್ಣು ಬಿಟ್ಟರೆ ಕೈ ತನ್ನ ಮೆಚ್ಚಿನ ಬೀಜಕ್ಕೇ ಹೋಗುತ್ತದೆ. ಜೋಡಿಯವರು ಇಬ್ಬರೂ ಬಂದು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಪೋಣಿಸಬೇಕು. ಯಾವ ಬೀಜದ ಹಿಂದೆ ಯಾವುದು ಎಂದು ಗಾಳಿಯಲ್ಲಿ ಹೇಳುವಂತಿಲ್ಲ, ಇನ್ನೊಬ್ಬರ ಕೈಯಲ್ಲಿ ಕಳಿಸುವಂತಿಲ್ಲ. ಆ ಸಂಜೆ ಹಳೆಯ ಸರಗಳೆಲ್ಲ ಸುಣ್ಣದ ಗೂಡಿನ ಬೆಂಕಿಗೆ. ಹೊನ್ನಮ್ಮನಿಗೆ ದಂಡವೆಂದು ಊರಿಗೆಲ್ಲ ಬೇಕಾದ ಬೀಜ ಒದಗಿಸುವ ಕೆಲಸ ಬಿತ್ತು. ಅವಳು ಅದನ್ನು ಮರ್ಯಾದೆ ಸಿಕ್ಕಿದವಳ ಹಾಗೆ ಒಪ್ಪಿಕೊಂಡಳು.

ನಾನು ಮಾತ್ರ ಮನೆಗೆ ಬಂದವಳೇ ಅಡುಗೆಮನೆಯ ಮೊಳೆಯ ಕಡೆ ನೋಡಿದೆ. ಮೊಳೆಯ ಮೇಲೆ ಸರ ಇರುವಷ್ಟು ದಿನ, ಬೇಕೆಂದಾಗ ತೆಗೆದು ಮಾತಾಡಿದರಾಯಿತು ಎಂಬ ಧೈರ್ಯ ಒಳಗೆಲ್ಲೋ ಇತ್ತು. ಮಾತು ಬಿಡುವುದೇ ಬೇರೆ, ಸರ ಸುಟ್ಟುಹೋಗುವುದೇ ಬೇರೆ. ಅವಳು ಹುಣ್ಣಿಮೆಯ ದಿನ ಬರದಿದ್ದರೆ ನಾವಿಬ್ಬರೂ ಊರಿನ ಲೆಕ್ಕದಲ್ಲಿ ಜೋಡಿಯೇ ಅಲ್ಲ. ಆಮೇಲೆ ಅವಳನ್ನು ಏನಾದರೂ ಕೇಳುವುದಿದ್ದರೆ ಸರವಿಲ್ಲದೆ ಬಯಲಿನಲ್ಲೇ ಕೇಳಬೇಕು, ಊರು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತದೆ.

"ಹೋಗಿ ಕರ್ಕೊಂಡ್ ಬಾ. ಕೆರೆ ಏನು ಸಮುದ್ರಾನಾ?" ಎಂದರು ನಮ್ಮ ಮನೆಯವರು, ನನ್ನ ಕೈ ಹಿಡಿದುಕೊಂಡು.

"ಚಿಕ್ಕೋಳು ಅವ್ಳು. ಅವ್ಳೇ ಬರ್ಲಿ."

"ಸರಿ ಹಂಗಾದ್ರೆ. ಇಬ್ರೂ ಅಲ್ಲಲ್ಲೇ ಕೂತಿರಿ" ಎಂದು ಕೈ ಬಿಟ್ಟು ಎದ್ದುಹೋದರು.

ಹುಣ್ಣಿಮೆ ಹತ್ತಿರ ಬಂದ ಹಾಗೆ ನನ್ನ ಬಿಗುಮಾನ ಸಡಿಲವಾಯಿತು. ಒಂದು ಮಧ್ಯಾಹ್ನ ಬಾಗಿಲು ಮುಂದೆ ಮಾಡಿ ಮೊಳೆಯಿಂದ ಸರ ತೆಗೆದೆ. ಅವಳೇನಾದರೂ ಮಾತಾಡುತ್ತಿದ್ದರೆ ಕೇಳಿಸಿಕೊಳ್ಳೋಣ, ಉತ್ತರ ಕೊಡುವುದನ್ನು ಆಮೇಲೆ ನೋಡೋಣ ಎಂದುಕೊಂಡು ಬೆರಳು ಓಡಿಸಿದೆ. ಏನೂ ಬಿಚ್ಚಿಕೊಳ್ಳಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಇಲಿ ಸರದ ಬೀಜ ತಿಂದಿದೆ. ಎರಡು ಕಡೆ ಬರೀ ದಾರ. ಯಾವ ಬೀಜ ಇತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಲ್ಲೇ ಒಲೆಯ ಪಕ್ಕ ಕೂತು ಅತ್ತೆ. ಅಳುವುದು ಊರಿಗೆ ಕೇಳಿಸುವುದಿಲ್ಲ, ಅದೊಂದು ಪುಣ್ಯ.

ಹುಣ್ಣಿಮೆಯ ದಿನ ಏರಿಯ ಮೇಲೆ ನೋಡಬೇಕಿತ್ತು. ಈ ತುದಿಯಿಂದ ಆ ತುದಿಯವರೆಗೆ ಜನ ಇಬ್ಬಿಬ್ಬರಾಗಿ ಕೂತಿದ್ದರು. ವರ್ಷಗಳಿಂದ ಗಾಳಿಯಲ್ಲೇ ಮಾತಾಡಿಕೊಂಡು ಮುಖ ಮರೆತವರು ಒಬ್ಬರನ್ನೊಬ್ಬರು ನೋಡಿ, ಅಯ್ಯೋ ಕೂದಲೆಲ್ಲ ಬೆಳ್ಳಗಾಯ್ತಲ್ಲ ಎನ್ನುತ್ತಿದ್ದರು. ಬೀಗರು ಬೀಗರ ಮೊಣಕಾಲಿಗೆ ಮೊಣಕಾಲು ತಾಗಿಸಲು ನಾಚುತ್ತಿದ್ದರು. ಯಜಮಾನರು ಹೆಂಡತಿಯ ಎದುರು ಕಣ್ಣು ಮುಚ್ಚಿ ಕೂತಿದ್ದರು, ಈಗ ಎರಡೂ ಮಗ್ಗುಲಿಗೆ ಸಮನಾಗಿ. ನಡುವೆ ಬೀಜದ ರಾಶಿಗಳು, ರಾಶಿಗಳ ನಡುವೆ ಮೊರ ಹಿಡಿದ ಹೊನ್ನಮ್ಮ. ನಾನು ಮನೆಯವರ ಜೊತೆಗಿನದನ್ನು, ಸೊಸೆಯ ಜೊತೆಗಿನದನ್ನು ಪೋಣಿಸಿ ಮುಗಿಸಿ ಒಬ್ಬಳೇ ಒಂದು ಕಲ್ಲಿನ ಮೇಲೆ ಕೂತೆ. ಕೆರೆಯ ಆಚೆ ದಡದ ದಾರಿಯನ್ನು ನೋಡುತ್ತಿಲ್ಲ ಎಂದು ತೋರಿಸಿಕೊಳ್ಳಲು ಬೆನ್ನು ಮಾಡಿ ಕೂತಿದ್ದೆ.

"ತಡ ಆಯ್ತು ಕಣಕ್ಕ, ಎಮ್ಮೆ ಹಾಲು ಕೊಡ್ಲಿಲ್ಲ ಇವತ್ತು" ಎಂದು ಎದುರಿಗೆ ಬಂದು ಕೂತೇಬಿಟ್ಟಳು ಪುಟ್ಟೀರಿ. ಮೊಣಕಾಲು ತಾಗಿಸಿದಳು. ಸೊಂಟದಿಂದ ದಾರದ ಉಂಡೆ ತೆಗೆದಳು. "ನೀನ್ ಹೇಳ್ದಂಗೆ ಹುರಿ ದಾರಾನೇ ತಂದಿದ್ದೀನಿ ನೋಡು."

ನಾನು ಹೇಳಿದ ಹಾಗೆ?

ಅವಳು ನಿಲ್ಲಿಸಲಿಲ್ಲ. "ಹೊಗೆಗೆ ಗೋಡೆ ಒಡ್ಸಿ ಕಿಂಡಿ ಮಾಡ್ಸಿದ್ವಿ. ಮಗಳ ಕೆಮ್ಮಿಗೆ ನೀನ್ ಹೇಳಿದ್ದೇ ಕಷಾಯ ಕೊಟ್ಟೆ, ನಿಂತೋಯ್ತು. ಅಕ್ಕ, ನೀನು ಅವತ್ತು 'ತಪ್ಪು ನಂದೇ ಪುಟ್ಟೀ, ಅಷ್ಟು ಜನದ ಮಧ್ಯೆ ಹೋಳಿಗೆ ಮಾತು ಎತ್ತಬಾರ್ದಿತ್ತು' ಅಂದ್ಯಲ್ಲ, ಅವತ್ತೇ ನಂದೆಲ್ಲಾ ಕರಗೋಯ್ತು."

ತಪ್ಪು ನಂದೇ! ಆ ಮಾತನ್ನು ನಾನು ನನ್ನ ಗಂಡನಿಗೂ ಹೇಳಿದವಳಲ್ಲ. ಕತ್ತು ತಿರುಗಿಸಿ ಹೊನ್ನಮ್ಮನ ಕಡೆ ನೋಡಿದೆ. ಅವಳು ಬೀಜದಲ್ಲಿ ಕಲ್ಲು ಆರಿಸುವವಳಂತೆ ಮೊರಕ್ಕೆ ಮುಖ ಹತ್ತಿಸಿಕೊಂಡು ಕೂತಿದ್ದಳು. ನನಗೆ ಎಲ್ಲವೂ ತಿಳಿಯಿತು. ಕೇಳಲು ಆಗುವ ಸರದಲ್ಲಿ ಹೇಳಲೂ ಆಗುತ್ತದೆ. ನಾನು ಪಾತ್ರೆ ತಿಕ್ಕುತ್ತಿದ್ದ ಅಷ್ಟೂ ಮಧ್ಯಾಹ್ನ ಈ ಹೆಂಗಸು ಗೋಡೆಯ ಆಚೆ ಕೂತು ನಾನಾಗಿ ಮಾತಾಡಿದ್ದಾಳೆ. ಮೈಯೆಲ್ಲ ಉರಿಯಿತು. ಅದು ನಾನಲ್ಲ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಎದುರಿಗೆ ಪುಟ್ಟೀರಿ ಕಣ್ಣು ಮುಚ್ಚಿ, ಚಿಕ್ಕಂದಿನಲ್ಲಿ ಕೊಬ್ಬರಿಮಿಠಾಯಿಗೆ ಕೈ ಚಾಚುತ್ತಿದ್ದ ಹಾಗೆಯೇ, ಬೀಜದ ರಾಶಿಗೆ ಕೈ ಚಾಚಿದ್ದಳು. ನನಗೆ ಹೇಳಲಾಗಲಿಲ್ಲ. ಅವಳು ಎತ್ತಿದ ಬೀಜ ನೋಡಿ ಅಂಥದ್ದೇ ಒಂದು ಹುಡುಕಿ ನನ್ನ ದಾರಕ್ಕೆ ಪೋಣಿಸಿದೆ. ಆಮೇಲೆ ನಾನು ಕಣ್ಣು ಮುಚ್ಚಿದೆ, ಅವಳು ಪೋಣಿಸಿದಳು. ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಹಳೆಯ ಸರವನ್ನು ಬೆಂಕಿಗೆ ಹಾಕುವಾಗ ಇಲಿ ತಿಂದ ಕಡೆ ಅವಳಿಗೆ ಕಾಣದಂತೆ ಮುಷ್ಟಿಯಲ್ಲಿ ಹಿಡಿದಿದ್ದೆ.

ಮನೆಗೆ ಬಂದವಳೇ ಹೊನ್ನಮ್ಮನ ಜಗಲಿ ಹತ್ತಿದೆ. ಬೈಯಬೇಕೆಂದರೂ ಕೈ ಹಿಡಿಯಬೇಕು, ನಮ್ಮ ಊರಿನ ಕರ್ಮ ಅದು. ಅವಳ ಕೈ ಎಳೆದು ಹಿಡಿದುಕೊಂಡೆ. ಹುಣಸೆಹಣ್ಣಿನ ಅಂಟು ಅಂಗೈಗೆ ಹತ್ತಿತು.

"ಏನ್ ಹೊನ್ನಕ್ಕ ಇದು? ಕದ್ದು ಕೇಳಿದ್ದು ಸಾಲ್ದು ಅಂತ ನನ್ನ ಬಾಯೂ ಕದ್ಯಾ?"

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಹಿಡಿದ ಕೈಯನ್ನೇ ನೋಡುತ್ತ ಕೂತಳು. "ಆ ಹುಡುಗಿ ದಿನಾ ಮಧ್ಯಾನ ಊಟ ಆಯ್ತಾ ಅಕ್ಕ, ಊಟ ಆಯ್ತಾ ಅಕ್ಕ ಅಂತ ಕೇಳ್ತಿತ್ತು ದೇವೀರಿ. ನೀನು ಆ ಕಡೆ ಪಾತ್ರೆ ಕುಟ್ತಿದ್ದೆ. ಎಷ್ಟು ದಿನ ಅಂತ ಕೇಳ್ಕೊಂಡು ಸುಮ್ನಿರ್ಲಿ? ಒಂದಿನ ಆಯ್ತು ಅಂದ್ಬಿಟ್ಟೆ. ನಿಂದು ಅಂತ ಕೇಳ್ದೆ. ಅಷ್ಟೇ. ಆಮೇಲೆ ಬಿಡೋಕಾಗ್ಲಿಲ್ಲ."

"ತಪ್ಪು ನಂದು ಅಂತ ಯಾಕಂದೆ?"

"ಇನ್ನೇನನ್ಲಿ? ತಪ್ಪು ನಿಂದೇ ತಾನೆ?"

ನಾನು ಅವಳ ಕೈಯನ್ನು ಅಲ್ಲೇ ಬಿಟ್ಟು ಧಡಧಡ ಮನೆಗೆ ಬಂದೆ. ಬಂದು ಬಹಳ ಹೊತ್ತು ಕೈ ತೊಳೆದೆ.

ಮಾರನೆಯ ದಿನ ಮಧ್ಯಾಹ್ನ ಹೊಸ ಸರ ಹಿಡಿದು ಕೂತೆ. ಮಾರುದ್ದದ ಸರಕ್ಕೆ ಬೆರಳು ಇನ್ನೂ ಒಗ್ಗಿರಲಿಲ್ಲ. ಗದ್ದಲದ ನಡುವೆ ಒಂದು ಎಳೆ ಮೆಲ್ಲಗೆ ಬಿಚ್ಚಿಕೊಂಡಿತು. "ಊಟ ಆಯ್ತಾ ಅಕ್ಕ?"

ಆಯ್ತು ಎಂದರೆ ಮುಗಿದುಹೋಗುತ್ತಿತ್ತು. ಆದರೆ ಹಾಗಂದರೆ ಹೊನ್ನಮ್ಮ ಬಿಟ್ಟ ಕಡೆಯಿಂದ ನಾನು ಮುಂದುವರಿಸಿದ ಹಾಗೆ ಆಗುತ್ತದೆ, ನನ್ನ ತಂಗಿಗೆ ನಾನೇ ಬದಲಿಯವಳಾಗುತ್ತೇನೆ. ಅದು ನನ್ನಿಂದ ಆಗಲಿಲ್ಲ. ಕಣ್ಣು ಮುಚ್ಚಿ ಹೇಳಿದೆ, "ಪುಟ್ಟೀ, ಇಷ್ಟು ದಿನ ನಿನ್ ಜೊತೆ ಮಾತಾಡಿದ್ದು ನಾನಲ್ಲ ಕಣೇ."

ಬೆರಳನ್ನು ಸರದ ಆ ತುದಿಯವರೆಗೆ ಓಡಿಸಿದೆ, ಗದ್ದಲ ಗದ್ದಲವಾಗಿಯೇ ಇತ್ತು. ಅವಳು ಸರ ಬಿಸಾಕಿದಳು ಎಂದೇ ಅಂದುಕೊಂಡೆ.

"ಗೊತ್ತು" ಎಂದು ಬಂತು.

"ಗೊತ್ತಾ?"

"ಮೊದಲ್ನೇ ವಾರಾನೇ ಗೊತ್ತಾಯ್ತು. ಊಟ ಆಯ್ತಾ ಅಂದ್ರೆ ಬರೀ ಆಯ್ತು ಅಂತ ಹೇಳೋಳಾ ನೀನು? ಅದ್ರ ಮೇಲೆ ತಪ್ಪು ನಂದೇ ಬೇರೆ! ನಮ್ಮಕ್ಕ ಸತ್ರೂ ಆ ಮಾತಾಡಲ್ಲ. ಯಾರು ಅಂತ ಮಾತ್ರ ಗೊತ್ತಿರ್ಲಿಲ್ಲ. ಯಜಮಾನ್ರ ಕುರು ಒಡೆದಾಗ ಅದೂ ಗೊತ್ತಾಯ್ತು."

"ಮತ್ತೆ ದಿನಾ ಯಾಕೆ ಮಾತಾಡ್ದೆ?"

"ಯಾರೋ ಒಬ್ರು 'ಆಯ್ತು, ನಿಂದು?' ಅಂತಿದ್ರಲ್ಲ ಅಕ್ಕ. ಚೆನ್ನಾಗಿತ್ತು."

"ನಿನ್ನೆ ಏರಿ ಮೇಲೆ ಏನೂ ಗೊತ್ತಿಲ್ದೋಳ ಥರ ಕೂತ್ಕೊಂಡ್ಯಲ್ಲೇ!"

"ರಾಜಿ ಆಗೋಗಿದೆ ಅನ್ನೋ ಥರ ಬಂದ್ರೆ ನೀನು ಬೈಯೋಕಾಗಲ್ಲ ಅಂತ. ಬೈಲಿಲ್ವಲ್ಲ ಮತ್ತೆ."

ನಗು ತಡೆಯಲಾಗಲಿಲ್ಲ. ನಗುವೂ ಊರಿಗೆ ಕೇಳಿಸುವುದಿಲ್ಲ, ಕೇಳಿಸಿದ್ದರೂ ನನಗೇನೂ ಅನಿಸುತ್ತಿರಲಿಲ್ಲ. ಏನು ಮಾಡಿದ್ದೆ ಊಟಕ್ಕೆ ಎಂದು ಅವಳು ಕೇಳಿದಳು. ಹುರುಳಿಕಾಳು ಸಾರು ಮಾಡಿದ್ದೆ, ಅದರ ಒಗ್ಗರಣೆ ಹೇಗೆ ಘಮ್ಮೆಂದಿತು ಎಂದು ಸವಿಸ್ತಾರವಾಗಿ ಹೇಳಿದೆ. ಕೊನೆಗೆ ಅವಳೆಂದಳು, "ಅಕ್ಕ, ಆಯಮ್ಮ ಈಗ ಮಧ್ಯಾನ ಏನ್ ಮಾಡ್ತಾಳೆ?"

ಆ ಪ್ರಶ್ನೆ ನನ್ನನ್ನು ಎಬ್ಬಿಸಿ ಪಕ್ಕದ ಜಗಲಿಗೆ ಕಳಿಸಿತು. ಹೊನ್ನಮ್ಮ ಬೀಜ ಆರಿಸುತ್ತಿದ್ದಳು, ಗುನುಗು ಇರಲಿಲ್ಲ. ನಾನು ಎದುರಿಗೆ ಕೂತು ಮೊಣಕಾಲು ತಾಗಿಸಿದೆ. "ಮತ್ತೆ ಬೈಯೋಕೆ ಬಂದ್ಯಾ?" ಎಂದಳು. ನಾನು ಹುರಿ ದಾರವನ್ನು ನಡುವೆ ಇಟ್ಟೆ. "ಕಣ್ಣು ಮುಚ್ಚು ಹೊನ್ನಕ್ಕ. ಕದ್ದು ನೋಡಿದ್ರೆ ಎದ್ದು ಹೋಗ್ತೀನಿ."

"ಪಕ್ಕದ ಮನೆಗೆ ಸರ ಯಾಕೆ?" ಎಂದಳು. ಕೈ ಆಗಲೇ ರಾಶಿಯ ಮೇಲಿತ್ತು.

ಊರಿಗೆಲ್ಲ ಬೀಜ ಕೊಟ್ಟವಳಿಗೆ ಕಣ್ಣು ಮುಚ್ಚಿ ಎತ್ತಲು ಬರುತ್ತಿರಲಿಲ್ಲ. ಒಂದೊಂದನ್ನೂ ಬೆರಳಿನಲ್ಲಿ ಉಜ್ಜಿ, ಇದು ಯಾವ ಮರದ್ದು ಎಂದು ಹೇಳಿ, ಮತ್ತೆ ಹಾಕಿ, ಇನ್ನೊಂದು ಎತ್ತುತ್ತಿದ್ದಳು. ನಾನು ಕೈಗೆ ಎರಡು ಏಟು ಕೊಟ್ಟೆ. ಆಗ ಸರಿಯಾಗಿ ಎತ್ತಿದಳು.

ಊರಿನಲ್ಲಿ ಒಂದೇ ಗೋಡೆಯ ಈಚೆ ಆಚೆ ಇರುವವರು ಮಾರುದ್ದದ ಸರ ಇಟ್ಟುಕೊಂಡದ್ದು ನಾವಿಬ್ಬರೇ. ನಮ್ಮ ಹೊತ್ತು ಸಂಜೆ ದೀಪ ಹಚ್ಚುವ ಮುಂಚೆ ಎಂದು ಗೊತ್ತು ಮಾಡಿಕೊಂಡೆವು. ಮೊದಲ ದಿನ ನಾನು ಹೊಸ್ತಿಲ ಮೇಲೆ ಕೂತು ಸರ ಹಿಡಿದೆ. ಏನೂ ಬರಲಿಲ್ಲ. ನಾನೇ ಶುರು ಮಾಡಬಹುದಿತ್ತು, ಮಾಡಲಿಲ್ಲ. ಗೋಡೆಯ ಆಚೆ ಅವಳು ಒಂದು ಸಲ ಕೆಮ್ಮಿದ್ದು ಕೇಳಿಸಿತು, ಬಳೆ ಸರಿಸಿಕೊಂಡದ್ದು ಕೇಳಿಸಿತು. ಇಷ್ಟು ವರ್ಷ ಯಾರುಯಾರದೋ ಸರದಲ್ಲಿ ಬೆರಳಾಡಿಸಿದವಳು ತನ್ನ ಸರ ಹಿಡಿದು ತಡವರಿಸುತ್ತಿದ್ದಳು. ಕಡೆಗೆ ಮಾತು ಬಂತು, ಅದೇ ಸಪ್ಪೆ ದನಿಯಲ್ಲಿ, ಒಂದೊಂದೇ ಅಕ್ಷರವಾಗಿ, ನಮ್ಮ ಊರಿನಲ್ಲಿ ಯಾರೂ ಹೇಳಿಕೊಳ್ಳದ ಹಾಗೆ.

"ನಾನು. ಹೊನ್ನಮ್ಮ."

"ಗೊತ್ತು ಹೊನ್ನಕ್ಕ" ಎಂದೆ. "ಊಟಕ್ಕೇನ್ ಮಾಡ್ತಿದ್ದೀಯ?"